ಭಾಷಣಕ್ಕೆ ಎರಡು ಗಂಟೆ, ಮಕ್ಕಳ ಕೋಲಾಟಕ್ಕೆ ನಾಲ್ಕು ನಿಮಿಷ

ಸಂಪಾದಕರೇ,

ತುಮಕೂರಿನ ವಿಶೇಷ ಮಕ್ಕಳ ಕಾರ್ಯಕ್ರಮ ಅದ್ದೂರಿಯಾಗಿ ನಡೆಯಿತು ಅಂತ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ನಾನೂ ಅಲ್ಲಿದ್ದೆ. ಫೋಟೋದಲ್ಲಿ ಕೋಲಾಟದ ಸಾಲಿನ ಎರಡನೆಯವನು ನನ್ನ ಮಗ. 13 ವರ್ಷ, ಆಟಿಸಂ ಇದೆ.

10 ಗಂಟೆಗೆ ಬನ್ನಿ ಅಂದಿದ್ದರು. ಕ್ಯಾತ್ಸಂದ್ರದಿಂದ ಆಟೋ ಮಾಡಿಕೊಂಡು, ತಿಂಡಿ ಡಬ್ಬಿಗೆ ಹಾಕಿಕೊಂಡು ಒಂಬತ್ತೂವರೆಗೇ ಹೋದೆವು. ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಆಮೇಲೆ ಹಾರ, ಶಾಲು, ಪೇಟ, ಭಾಷಣ. ಸ್ಪೀಕರ್ ಸ್ವಲ್ಪ ತಗ್ಗಿಸಿ, ಈ ಮಕ್ಕಳಿಗೆ ಜೋರು ಶಬ್ದ ತಡೆಯೋಕೆ ಆಗಲ್ಲ ಅಂತ ಮೂರು ಸಲ ಕೇಳಿಕೊಂಡೆ. "ಸಾಹೇಬರು ಮಾತಾಡ್ತಿದಾರೆ, ಕೂತ್ಕೊಳಿ ಅಮ್ಮ" ಅಂದರು. ಮಗ ಕಿವಿ ಮುಚ್ಚಿಕೊಂಡು ಕುರ್ಚಿ ಕೆಳಗೆ ಸೇರಿಕೊಂಡ. ಕೋಲುಗಳನ್ನು ಮಾತ್ರ ಕಂಕುಳಿಂದ ಬಿಡಲಿಲ್ಲ.

ಐದು ತಿಂಗಳು ಕಲಿತ ಕೋಲಾಟ ಅದು. ಯಾರ ಮುಖವನ್ನೂ ನೋಡದ ಹುಡುಗ ಅವನು. ಕೋಲಾಟದಲ್ಲಿ ಮುಖ ನೋಡಬೇಕಾಗಿಲ್ಲ, ಎದುರಿನವನ ಕೋಲು ನೋಡಿದರೆ ಸಾಕು. ಏಟು ಕೊಡಬೇಕು, ಅವನ ಏಟು ಬರೋವರೆಗೂ ಕಾಯಬೇಕು. ಪ್ರತಿ ಸಲವೂ ಅದೇ ಲೆಕ್ಕ, ಅದೇ ಸುತ್ತು, ಮುಂದೇನು ಅನ್ನೋ ದಿಗಿಲಿಲ್ಲ. ಮಾತು ಬಾರದ ಮಗ ಈಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೋಲು ತಟ್ಟಿ ನನ್ನನ್ನು ಕರೆಯುತ್ತಾನೆ, ನಾನು ಸೌಟಿನಿಂದ ಬಾಂಡ್ಲಿಗೆ ತಟ್ಟಿ ಓಗೊಡುತ್ತೇನೆ.

ಅಂಥದ್ದನ್ನು ನಾಲ್ಕೇ ನಿಮಿಷಕ್ಕೆ ನಿಲ್ಲಿಸಿದರು. ಊಟಕ್ಕೆ ತಡ ಆಯ್ತಂತೆ! ಸುತ್ತು ಅರ್ಧಕ್ಕೆ ನಿಂತಿತು ಅಂತ ಮಗ ವೇದಿಕೆಯಲ್ಲೇ ಕೂತು ಕೈ ಕಚ್ಚಿಕೊಂಡು ಅತ್ತ. ಇವತ್ತಿಗೂ ಕೋಲು ಮುಟ್ಟಿಲ್ಲ.

ಈ ಅಧಿಕಾರಿಗಳ ಗುಣ ನನಗೆ ಹೊಸದಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಏಳು ಸಲ ಅಲೆಸಿದರು. "ನೋಡೋಕೆ ಚೆನ್ನಾಗೇ ಇದಾನಲ್ಲ" ಅಂತ ಒಬ್ಬರು, ಸರ್ವರ್ ಇಲ್ಲ ಅಂತ ಇನ್ನೊಬ್ಬರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಕಲೆ ಮತ್ತು ಮನರಂಜನೆ ಇವರ ಹಕ್ಕು ಅಂತಲೂ ಅದರಲ್ಲೇ ಇದೆ. ಓದಿದವರು ಒಬ್ಬರಾದರೂ ಆ ವೇದಿಕೆ ಮೇಲೆ ಇದ್ದರಾ? 1884ರಲ್ಲೇ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು, ಇಲ್ಲಿ ಮಕ್ಕಳ ಆಟಕ್ಕೆ ಅರ್ಧ ಗಂಟೆ ಇಲ್ಲ ಅಂದರೆ ನಾಚಿಕೆಯಾಗಬೇಕು.

ಅಧಿಕಾರಿಗಳೇ, ಈ ಮಕ್ಕಳಿಗೆ ಇನ್ನೊಂದು ದಿನ ಕೊಡಿ, ಭಾಷಣ ಇಲ್ಲದೆ, ಸ್ಪೀಕರ್ ಇಲ್ಲದೆ. ಕ್ಷಮೆಯನ್ನೂ ಕೇಳಿ. ಇಲ್ಲವಾದರೆ ನಿಮ್ಮ ಸನ್ಮಾನಕ್ಕೆ ಜನ ಸೇರಿಸೋಕೆ ನಮ್ಮ ಮಕ್ಕಳನ್ನು ಕರೆಯಲೇಬೇಡಿ.

ಒಬ್ಬ ತಾಯಿ, ಕ್ಯಾತ್ಸಂದ್ರ