ಆಲ್ಪ್ಸ್‌ನಲ್ಲಿ ಸೈಕಲ್ ಸವಾರಿ: ಮೊದಲು ಏರಿನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್ ಕಡೆ ಬೆಳಗಿನ ಹೊತ್ತು ಗೇರ್ ಸೈಕಲ್ ತುಳಿಯುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಕೆಲವರು ಆಲ್ಪ್ಸ್‌ಗೆ ಹೋಗುವ ಮಾತಾಡುತ್ತಾರೆ. ಖಂಡಿತ ಹೋಗಲಿ. ಆದರೆ ಪ್ರವಾಸದ ಪುಟಗಳಲ್ಲಿ ವಿಮಾನದ ದರ, ಹೋಟೆಲ್ ದರ, ಚಂದದ ಫೋಟೋ ಬಿಟ್ಟರೆ ಸವಾರರಿಗೆ ಬೇಕಾದ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮಲ್ಲಿ ದಿನದ ಸವಾರಿ ಅಂದರೆ ಕಿಲೋಮೀಟರ್ ಲೆಕ್ಕ. ಹುಮನಾಬಾದ್ ಹಾಯ್ದು ಬೀದರ್‌ಗೆ ನೂರು ಚಿಲ್ಲರೆ ಕಿ.ಮೀ., ಕತ್ತಲಿರುವಾಗಲೇ ಬಿಟ್ಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಮುಟ್ಟಿ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೌಂಟ್ ಬ್ಲಾಂಕ್ ಸುತ್ತುವ ಹಾದಿ ಸುಮಾರು 170 ಕಿ.ಮೀ. ಅಷ್ಟೇ. ಎರಡು ದಿನದ ಕೆಲಸ ಅನಿಸುತ್ತದೆ, ಅಲ್ವಾ? ಆದರೆ ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಹತ್ತಿರ ಹತ್ತಿರ 10,000 ಮೀಟರ್! ಇಟಲಿಯ ಕೂರ್ಮಾಯೂರ್ ಊರು ಇರುವುದು 1,200 ಮೀಟರ್ ಚಿಲ್ಲರೆ ಎತ್ತರದಲ್ಲಿ, ಅಲ್ಲಿಂದ ಸ್ವಿಸ್ ಗಡಿ ದಾಟುವ ಗ್ರ್ಯಾಂಡ್ ಕೋಲ್ ಫೆರೆ ಎಂಬ ಕಣಿವೆದಾರಿ 2,537 ಮೀಟರ್, ಮೇಲ್ಭಾಗದಲ್ಲಿ ತುಳಿಯುವುದಕ್ಕಿಂತ ಸೈಕಲ್ ತಳ್ಳುವುದೇ ಹೆಚ್ಚು, ಕೆಲವು ಕಡೆ ಹೆಗಲ ಮೇಲೂ ಹೊರಬೇಕು. ದಿನಕ್ಕೆ ಎಷ್ಟು ಮೀಟರ್ ಏರಬಲ್ಲೆ ಅಂತ ಮೊದಲು ತಿಳಿದುಕೊಳ್ಳಿ, ದೂರ ಆಮೇಲೆ. ಚಿಂಚೋಳಿ ಕಡೆಯ ಏರನ್ನೇ ಬೆನ್ನಿಗೆ ಚೀಲ ಹಾಕಿಕೊಂಡು ಮತ್ತೆ ಮತ್ತೆ ಹತ್ತಿ ಇಳಿದರೆ ಅಂದಾಜು ಸಿಗುತ್ತದೆ.

ಕಾಲದ ವಿಷಯ ಇನ್ನೂ ಮುಖ್ಯ. ಎತ್ತರದ ಕಣಿವೆದಾರಿಗಳಲ್ಲಿ ಜೂನ್ ಕೊನೆಯವರೆಗೂ ಹಿಮ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಾದಿ ತೆರೆಯುತ್ತದೆ, ಆದರೆ ಅದೇ ಹೊತ್ತಿಗೆ ಫ್ರಾನ್ಸಿನ ಶಾಮೊನಿ ಕಡೆ ಹಲವು ಕಾಲುಹಾದಿಗಳಲ್ಲಿ ಸೈಕಲ್ ನಿಷೇಧ, ನಡೆಯುವವರ ದಟ್ಟಣೆ ಅಷ್ಟಿರುತ್ತದೆ. ಸೆಪ್ಟೆಂಬರ್ ಕೊನೆಗೆ ಬೆಟ್ಟದ ಮೇಲಿನ ತಂಗುಮನೆಗಳು ಬಾಗಿಲು ಹಾಕತೊಡಗುತ್ತವೆ. ಹಾಗಾಗಿ ನನ್ನ ಮಟ್ಟಿಗೆ ಸೆಪ್ಟೆಂಬರ್ ಮೊದಲ ಎರಡು ವಾರವೇ ಸರಿ. ಈ ಮೂರೂ ದೇಶಕ್ಕೆ ನಡೆಯುವ ಷೆಂಗೆನ್ ವೀಸಾಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಅಂದರೆ ಮಾರ್ಚ್‌ನಲ್ಲೇ ಶುರು ಮಾಡಿ. ವೀಸಾಕ್ಕೆ ಕನಿಷ್ಠ 30,000 ಯೂರೋವರೆಗಿನ ಖರ್ಚು ಕೊಡುವ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ಸೈಕಲ್ ಸವಾರಿಯಲ್ಲಿ ಬಿದ್ದು ಹೆಲಿಕಾಪ್ಟರ್ ಕರೆಸಬೇಕಾಗಿ ಬಂದರೆ ಅದರ ಖರ್ಚನ್ನೂ ಆ ವಿಮೆ ಕೊಡುತ್ತದೆಯಾ ಅಂತ ಬರಹದಲ್ಲಿ ಕೇಳಿ ಪಡೆಯಿರಿ, ಬಾಯಿಮಾತು ಬೇಡ.

40 ಡಿಗ್ರಿ ಬಿಸಿಲಿಗೆ ಒಗ್ಗಿದ ಮೈ ನಮ್ಮದು. ಸಾವಿರ ಮೀಟರ್ ಏರಿದರೆ ತಾಪ ಸುಮಾರು 6 ಡಿಗ್ರಿ ಇಳಿಯುತ್ತದೆ. ಬೆವರಿದ ಅಂಗಿಯಲ್ಲೇ ಇಳಿಯತೊಡಗಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಪೂರ್ತಿ ಕೈಗವಸು, ಮಳೆ ಜಾಕೆಟ್, ಹೆಚ್ಚುವರಿ ಬ್ರೇಕ್ ಪ್ಯಾಡ್ ಇರಲೇಬೇಕು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿದೇ ಇದ್ದರೆ ಡಿಸ್ಕ್ ಕಾದು ಹಿಡಿತ ಹೋಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಅದಕ್ಕೆ ಮೊದಲೇ ಎತ್ತರದ ಜಾಗ ದಾಟಿಬಿಡಬೇಕು. ತುರ್ತು ಸಂಖ್ಯೆ ಅಲ್ಲಿಯೂ 112.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಕೆಡುವುದಿಲ್ಲ. ತುಪ್ಪ, ಪೇಢಾ ಬೇಡ, ಹೊರದೇಶದ ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ.

ನಿಮ್ಮ ಪ್ರವಾಸ ಪುಟದಲ್ಲಿ ಇಂಥ ಬರಹ ಹಾಕುವಾಗ ಹಾದಿಯ ಏರಿಳಿತದ ನಕ್ಷೆ, ತಂಗುಮನೆ ತೆರೆದಿರುವ ತಿಂಗಳು, ಸೈಕಲ್‌ಗೆ ಅನುಮತಿ ಇದೆಯೇ ಎನ್ನುವುದು, ಈ ಮೂರನ್ನು ದಯವಿಟ್ಟು ಸೇರಿಸಿ. ಫೋಟೋ ಒಂದು ಕಡಿಮೆಯಾದರೂ ನಡೆಯುತ್ತದೆ.

– ಒಬ್ಬ ಸೈಕಲ್ ಸವಾರ, ಕಲಬುರಗಿ