ಮನೆ ದೂರ

ಪ್ರೀತಿಯ ಮಗಳೇ,

ಇವತ್ತು ಬೆಳಿಗ್ಗೆ ಒಂಬತ್ತಾದರೂ ಮಂಜು ಸರಿದಿರಲಿಲ್ಲ. ಗೇಟಿನ ಹತ್ತಿರದ ಸಿಲ್ವರ್ ಓಕ್ ಕೂಡ ಕಾಣುತ್ತಿರಲಿಲ್ಲ. ಕೊಯ್ಲಿಗೆ ಬಂದವರು ಶೆಡ್ಡಿನಲ್ಲಿ ಬೆಂಕಿ ಕಾಯಿಸುತ್ತಾ ಕೂತರು. ನಾನು ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ಬಾಯಿಗೆ ತಾನಾಗಿ ಬಂತು, 'ಕರುಣಾಳು ಬಾ ಬೆಳಕೆ, ಮುಸುಕಿದೀ ಮಬ್ಬಿನಲಿ'.

ನಮ್ಮ ಶಾಲೆಯಲ್ಲಿ ಅದು ಪ್ರಾರ್ಥನೆ. ಬಿ.ಎಂ.ಶ್ರೀ ಅವರದ್ದು ಅಂತ ಗೊತ್ತಿತ್ತು, ಇಂಗ್ಲಿಷಿನಿಂದ ಬಂದದ್ದು ಅಂತ ಗೊತ್ತಿರಲಿಲ್ಲ. ನೀನು ಕಳಿಸಿದ ಮೂಲ ಪದ್ಯವನ್ನು ಮೊನ್ನೆ ರಾತ್ರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಅದನ್ನು ಬರೆದದ್ದು 1833ರಲ್ಲಿ. ಕಾಯಿಲೆಯಿಂದ ಎದ್ದು ಊರಿಗೆ ಹೊರಟಿದ್ದ. ಗಾಳಿ ಬೀಸದೆ ಹಡಗು ಸಮುದ್ರದ ಮಧ್ಯೆ ನಿಂತುಬಿಟ್ಟಿತ್ತು.

ಮೂಲದಲ್ಲಿ ರಾತ್ರಿ ಕತ್ತಲಾಗಿದೆ, ಅಷ್ಟೇ. ನಮ್ಮಲ್ಲಿ 'ಇರುಳು ಕತ್ತಲೆಯ ಗವಿ'. ಆ ಗವಿ ಎಲ್ಲಿಂದ ಬಂತು? ನ್ಯೂಮನ್ ಸುತ್ತ ಇದ್ದದ್ದು ಬಯಲು ಸಮುದ್ರ. ಗವಿಯನ್ನು ತಂದವರು ಶ್ರೀ ಅವರೇ. ಗವಿಯೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಬೆನ್ನ ಹಿಂದಿನ ಬೆಳಕೂ ಹೋಗುತ್ತದೆ. ಆಮೇಲೆ ಬರುವುದು 'ಮನೆ ದೂರ'. ಎರಡೇ ಪದ. ಇಂಗ್ಲಿಷಿನಲ್ಲಿ ದೂರ ಇರುವವನು 'ನಾನು'. ಕನ್ನಡದಲ್ಲಿ ದೂರ ಇರುವುದು ಮನೆ. ನೀನು ಸಾಹಿತ್ಯ, ಸಿನಿಮಾ ಓದೋಕೆ ಹಾಸ್ಟೆಲಿಗೆ ಹೋದ ಮೇಲೆ ಆ ಎರಡು ಪದಕ್ಕೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

14 ಸಾಲಿನ ಒಂದು ಸಾನೆಟ್‌ಗೆ ಕ್ಲಾಸಿನಲ್ಲಿ ಇಡೀ ಗಂಟೆ ಪಾಠ ಮಾಡಿದರು ಅಂತ ನೀನು ಅಂದಿದ್ದೆ. ಅಷ್ಟು ಹೊತ್ತು ಅದರಲ್ಲಿ ಏನಿರುತ್ತೆ ಅಂತ ನಾನು ಕೇಳಿದ್ದೆ ಅಲ್ವಾ? ನನಗೆ ಗವಿಯ ಬಾಗಿಲಲ್ಲೇ ಅರ್ಧ ಗಂಟೆ ಹೋಯಿತು.

ಮದುವೆಮನೆಯಲ್ಲಿ ಒಬ್ಬರು ನಿನ್ನ ಓದಿನ ವಿಷಯ ಕೇಳಿ, 'ಸಿನಿಮಾ ನೋಡೋಕೂ ಡಿಗ್ರಿ ಬೇಕಾ?' ಅಂದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಕೇಳಿದರೆ ನಿನ್ನ ಅಜ್ಜಿಯ ವಿಷಯ ಹೇಳುತ್ತೇನೆ. ರಷ್ಯದ ಸಿನಿಮಾ ನಿರ್ದೇಶಕ ಕುಲೆಶೋವ್ ಬಗ್ಗೆ ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಜೊತೆ ಒಮ್ಮೆ, ಶವಪೆಟ್ಟಿಗೆಯ ಜೊತೆ ಒಮ್ಮೆ ಜೋಡಿಸಿ ತೋರಿಸಿದ, ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು ಅಂತ. ಹೋದ ವಾರ ಅಕಾಲದ ಮಳೆ ಬಂತು. ಕಣದಲ್ಲಿ ಹರಡಿದ್ದ ಕಾಫಿ ನೆನೆಯುವುದನ್ನು ನೋಡಿ ತಿರುಗಿದೆ, ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಖದಲ್ಲಿ ಚಿಂತೆ ಕಂಡಿತು. ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ ತಿರುಗಿದೆ, ಅದೇ ಮುಖದಲ್ಲಿ ನಿನ್ನ ನೆನಪು ಕಂಡಿತು. ಹತ್ತಿರ ಹೋದರೆ ಅವರು ಕೂತಲ್ಲೇ ತೂಕಡಿಸುತ್ತಿದ್ದರು. ಚಿಂತೆಯೂ ನೆನಪೂ ನನ್ನವೇ ಆಗಿದ್ದವು.

ಮ್ಯಾಕ್‌ಬೆತ್ ನಾಟಕದ ಪಾಠದ ಜೊತೆ ಜಪಾನಿನ ನಿರ್ದೇಶಕ ಕುರೊಸಾವಾ 1957ರಲ್ಲಿ ಮಾಡಿದ 'ಥ್ರೋನ್ ಆಫ್ ಬ್ಲಡ್' ಸಿನಿಮಾ ತೋರಿಸಿದರು ಅಂದೆಯಲ್ಲ. ಕತೆ ಶೇಕ್ಸ್‌ಪಿಯರನದು, ಆಡುವ ಮಾತು ಜಪಾನಿನದು. ಇಬ್ಬರು ಸವಾರರು ಮಂಜಿನೊಳಗೆ ಹೋಗುತ್ತಾರೆ, ಬರುತ್ತಾರೆ, ಮತ್ತೆ ಹೋಗುತ್ತಾರೆ, ದಾರಿಯೇ ಸಿಗುವುದಿಲ್ಲ ಅಂತ ನೀನು ವಿವರಿಸಿದಾಗ ನನಗೆ ನಮ್ಮ ಭಾಗಮಂಡಲದ ರಸ್ತೆ ಕಣ್ಣಿಗೆ ಬಂತು. ಹಾದಿ ತಪ್ಪಿದವರ ಮನಸ್ಸು ಹೇಗಿರುತ್ತೆ ಅಂತ ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ರಜೆಗೆ ಬರುವಾಗ ಆ ಸಿನಿಮಾ ತಗೊಂಡು ಬಾ. ಲ್ಯಾಪ್‌ಟಾಪನ್ನು ಅಜ್ಜಿಯ ಮಂಚದ ಪಕ್ಕ ಇಡೋಣ. ಆ ಮಂಜು ಹೇಗಿದೆ ಅಂತ ಅವರೇ ಹೇಳಲಿ. ಬಸ್ಸು ಕುಶಾಲನಗರ ದಾಟಿದ ಕೂಡಲೇ ಫೋನ್ ಮಾಡು. ಗೇಟಿನ ಲೈಟ್ ಹಾಕಿಟ್ಟಿರುತ್ತೇನೆ.

ನಿನ್ನ
ಅಮ್ಮ