ಮಕ್ಕಳ ಖಗೋಳ ಕ್ಲಬ್ಬಿಗೆ ಟೆಲಿಸ್ಕೋಪ್ ಬೇಕಾಗಿದೆ: ದಾನಿಗಳಲ್ಲಿ ಮನವಿ

ಆತ್ಮೀಯರೇ,

ನಮ್ಮ ಸಮುದಾಯ ಭವನದ ಮಕ್ಕಳ ಖಗೋಳ ಕ್ಲಬ್ಬಿಗೆ ನಿಮ್ಮ ನೆರವು ಕೇಳುತ್ತಿದ್ದೇವೆ. ಸದ್ಯ ಒಂದು ಬೈನಾಕ್ಯುಲರ್, ಒಂದಿಷ್ಟು ತಾರಾನಕ್ಷೆ ಇಟ್ಟುಕೊಂಡು ಕ್ಲಬ್ ನಡೆಯುತ್ತಿದೆ.

"ದೊಡ್ಡದೊಂದು ಟೆಲಿಸ್ಕೋಪ್ ತಗೊಂಡುಬಿಡಿ" ಎಂದು ಹಲವರು ಹೇಳಿದರು. ನಮಗೆ ಅದು ಬೇಡ. ದುಬಾರಿ ವಸ್ತು ಒಂದೇ ಇದ್ದರೆ ದೊಡ್ಡವರೊಬ್ಬರು ಅದರ ಪಕ್ಕ ನಿಂತು "ಮುಟ್ಟಬೇಡ" ಎನ್ನುತ್ತಿರುತ್ತಾರೆ. ಮಕ್ಕಳು ಸಾಲಿನಲ್ಲಿ ಕಾದು, ಅರೆ ನಿಮಿಷ ಕಣ್ಣಿಟ್ಟು, ಮುಂದೆ ಹೋಗುತ್ತಾರೆ. ಅದು ಪ್ರದರ್ಶನ ಆಯ್ತು, ಕ್ಲಬ್ ಆಗಲಿಲ್ಲ ಅಲ್ವಾ?

ಅದೇ ದುಡ್ಡಿನಲ್ಲಿ ಸಣ್ಣವು ಮೂರ್ನಾಲ್ಕು ಕೊಳ್ಳುವ ಯೋಚನೆ ನಮ್ಮದು. ಸುಮಾರು 6 ಇಂಚಿನ ಕನ್ನಡಿ, ಡಾಬ್ಸೋನಿಯನ್ ಸ್ಟ್ಯಾಂಡ್. ಅಮೆರಿಕದ ಹವ್ಯಾಸಿ ಖಗೋಳಜ್ಞ ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದ ಈ ಸ್ಟ್ಯಾಂಡ್ ತುಂಬಾ ಸರಳ. ಕೈಯಿಂದ ತಳ್ಳಿದರೆ ತಿರುಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಮೋಟಾರ್ ಇಲ್ಲ. ಭೂಮಿ ತಿರುಗುತ್ತಿರುವುದರಿಂದ ಗ್ರಹ ಮೆಲ್ಲಗೆ ಅಂಚಿಗೆ ಸರಿದು ಮಾಯವಾಗುತ್ತದೆ. ಮಗು ಟೆಲಿಸ್ಕೋಪನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಅದರ ಬೆನ್ನು ಹತ್ತಬೇಕು. ಭೂಮಿ ತಿರುಗುತ್ತದೆ ಎನ್ನುವುದು ಆಗ ಕೈಗೇ ಗೊತ್ತಾಗುತ್ತದೆ.

ಇಷ್ಟು ಚಿಕ್ಕದು ಸಾಕಾ ಎಂದು ಕೇಳಬಹುದು. 1610ರಲ್ಲಿ ಗೆಲಿಲಿಯೋ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟು ಹಿಗ್ಗಿಸುವ ಟೆಲಿಸ್ಕೋಪಿನಲ್ಲಿ. ನಮ್ಮ ಮಕ್ಕಳೂ ಗುರುವಿನ ಅಕ್ಕಪಕ್ಕದ ಚುಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಲಿ. ಮರುದಿನ ನೋಡಿದರೆ ಅವು ಜಾಗ ಬದಲಿಸಿರುತ್ತವೆ. ಅವುಗಳಲ್ಲಿ ಅಯೋ ಎಂಬ ಚಂದ್ರ ಸುಮಾರು 42 ಗಂಟೆಯಲ್ಲಿ ಗುರುವಿಗೆ ಒಂದು ಸುತ್ತು ಮುಗಿಸುತ್ತದೆ. ಯಾವ ಚುಕ್ಕಿ ಯಾವುದು ಎಂಬ ಜಗಳಕ್ಕೆ ನಾವು ಅಡ್ಡ ಬರುವುದಿಲ್ಲ. ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಅರ್ಧಚಂದ್ರ ಇರುವ ದಿನವೇ ಒಳ್ಳೆಯದು, ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ.

ಹಗಲಿನ ಕೆಲಸವೂ ಇದೆ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಒಂದು ಮೀಟರ್ ದೂರದಲ್ಲಿ ಕಾಗದ ಹಿಡಿದರೆ ಸುಮಾರು 9 ಮಿಲಿಮೀಟರ್ ಅಗಲದ ಸೂರ್ಯನ ಬಿಂಬ ಮೂಡುತ್ತದೆ. ಇದಕ್ಕೆ ಖರ್ಚೇ ಇಲ್ಲ. ಆದರೆ ಟೆಲಿಸ್ಕೋಪಿನಲ್ಲಿ ಸೂರ್ಯನ ಕಲೆ ನೋಡಲು ಕೊಳವೆಯ ಮುಂಬಾಯಿಗೆ ಹಾಕುವ ಸರಿಯಾದ ಸೌರ ಫಿಲ್ಟರ್ ಬೇಕೇ ಬೇಕು. ಐಪೀಸಿಗೆ (ಕಣ್ಣಿಡುವ ಕಡೆಯ ಮಸೂರಕ್ಕೆ) ತಿರುಪುವ ಫಿಲ್ಟರ್ ಬಿಸಿಗೆ ಸೀಳಬಹುದು, ಕಣ್ಣೇ ಹೋಗಬಹುದು. ಇಲ್ಲಿ ಮಾತ್ರ ನಾವು ಒಂದು ಪೈಸೆಯೂ ಉಳಿಸುವುದಿಲ್ಲ. ಕೆಂಪು ಬೆಳಕಿನ ಟಾರ್ಚ್‌ಗಳೂ ಬೇಕು. ಕತ್ತಲಿಗೆ ಕಣ್ಣು ಒಗ್ಗಲು 20–30 ನಿಮಿಷ ಬೇಕಾಗುತ್ತದೆ, ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ ಶುರು.

ದುಡ್ಡೇ ಕೊಡಬೇಕೆಂದಿಲ್ಲ. ಬೀರುವಿನಲ್ಲಿ ಸುಮ್ನೆ ಬಿದ್ದಿರುವ 7x50 ಅಥವಾ 10x50 (7 ಇಲ್ಲವೇ 10 ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಲೆನ್ಸಿನ) ಬೈನಾಕ್ಯುಲರ್ ಇದ್ದರೆ ಕೊಡಿ. ಡಬ್ಬಿಯ ಮೇಲೆ "500 ಪಟ್ಟು" ಎಂದು ಬರೆದ ಆಟಿಕೆ ಟೆಲಿಸ್ಕೋಪ್ ಮಾತ್ರ ದಯವಿಟ್ಟು ಬೇಡ. 60 ಮಿಲಿಮೀಟರ್ ಲೆನ್ಸಿಗೆ 120 ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದರೆ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗು ತನ್ನ ಕಣ್ಣೇ ಸರಿಯಿಲ್ಲ ಅಂದುಕೊಳ್ಳುತ್ತದೆ.

ಸಂಜೆ ಬಂದು ಮಕ್ಕಳ ಜೊತೆ ನಿಲ್ಲುವವರೂ ಬೇಕು. ಖಗೋಳ ಗೊತ್ತಿರಬೇಕಾಗಿಲ್ಲ, ತಾಳ್ಮೆ ಇದ್ದರೆ ಸಾಕು.

ದೇಣಿಗೆಯನ್ನು ಭವನದ ಕಚೇರಿಯಲ್ಲಿ ಖಗೋಳ ಕ್ಲಬ್ಬಿನ ಹೆಸರು ಹೇಳಿ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಉಳಿದ ಹಣ ಕನ್ನಡಿಗಳಿಗೆ ಮುಂದೆ ಮರುಲೇಪನ ಮಾಡಿಸಲು ಹೋಗುತ್ತದೆ. ಬೈನಾಕ್ಯುಲರ್ ಕೊಡುವವರು ಲೆನ್ಸಿನ ಮುಚ್ಚಳ ಸಿಕ್ಕರೆ ಅದನ್ನೂ ಜೊತೆಗೆ ತನ್ನಿ.